ಚಳ್ಳಕೆರೆ ದಾರಿಯಲ್ಲಿ ಸೋಲುವ ಎ.ಸಿ.: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ಸಂಘದ ಪಿಕಪ್ ವಾಹನವು ಬೇಸಿಗೆಯಲ್ಲಿ ಎರಡು ಮೂರು ಸಾರಿ ಚಳ್ಳಕೆರೆಗೆ ಹೋಗಿ ಬರುವುದು ಸದಸ್ಯರಿಗೆ ತಿಳಿದೇ ಇದೆ. ಅಲ್ಲಿನ ಎಣ್ಣೆ ಗಿರಣಿಗಳ ಶೇಂಗಾ ಹಿಂಡಿ ನಮ್ಮ ಅಡಿಕೆ ಮರಗಳ ಬುಡಕ್ಕೂ ಬೇಕು, ಕೊಟ್ಟಿಗೆಯ ದನಕ್ಕೂ ಬೇಕು. ಮನೆಯಲ್ಲಿ ಮದುವೆ ನಿಶ್ಚಯವಾದವರು ಅದೇ ದಾರಿಯಲ್ಲಿ ಇನ್ನೂ ಮುಂದೆ ಮೊಳಕಾಲ್ಮೂರಿನವರೆಗೆ ರೇಷ್ಮೆ ಸೀರೆಗಾಗಿ ಹೋಗುವುದೂ ಉಂಟು. ಮದುವೆಗಳೆಲ್ಲ ಬರುವುದು ಚೈತ್ರ ವೈಶಾಖದಲ್ಲಿ. ಆದುದರಿಂದ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಆ ಸೀಮೆಗೆ, ವರ್ಷದ ಅತಿ ಬಿಸಿಯಾದ ದಿನಗಳಲ್ಲೇ ನಾವು ಹೋಗಬೇಕಾಗುತ್ತದೆ.

ಒಂದು ಏಪ್ರಿಲಿನಲ್ಲಿ ಸದಸ್ಯರೊಬ್ಬರ ಕಾರಿನಲ್ಲಿ ಹಾಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವರ ತಾಯಿ ಇದ್ದರು. ಎಂಬತ್ತರ ಸಮೀಪದ ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ದೂರದ ಪ್ರಯಾಣವೆಂದು ಹಿಂದಿನ ವಾರವೇ ಒಂದು ವರ್ಕ್‌ಶಾಪಿನಲ್ಲಿ ಎ.ಸಿ.ಗೆ ಗ್ಯಾಸ್ ತುಂಬಿಸಿ ಆಗಿತ್ತು. ಶಿವಮೊಗ್ಗ, ಹೊಳಲ್ಕೆರೆ ದಾಟುವವರೆಗೆ ತಂಪು ಚೆನ್ನಾಗಿಯೇ ಇತ್ತು. ಚಿತ್ರದುರ್ಗ ಬಿಟ್ಟ ಮೇಲೆ ಗಾಳಿ ಸ್ವಲ್ಪ ಸಪ್ಪೆಯಾಯಿತು. ಚಳ್ಳಕೆರೆ ಪೇಟೆಯಲ್ಲಿ ಲಾರಿಗಳ ಹಿಂದೆ ತೆವಳುವಾಗ ಬಿಸಿಗಾಳಿಯೇ ಬರತೊಡಗಿತು. ಅಲ್ಲೇ ಕಂಡ ಒಂದು ಅಂಗಡಿಯವರು ಗೇಜ್ ಹಚ್ಚಿ ನೋಡದೆಯೇ ‘ಗ್ಯಾಸ್ ಕಮ್ಮಿ ಐತೆ’ ಎಂದು ಇನ್ನಷ್ಟು ತುಂಬಿದರು. ಹಣ ಕೊಟ್ಟು ಹೊರಟೆವು. ತಳುಕು ಮುಟ್ಟುವುದರೊಳಗೆ ಯಂತ್ರ ಪೂರ್ತಿ ನಿಂತೇ ಹೋಯಿತು. ಕಿಟಕಿ ತೆರೆದರೆ ಒಲೆಯ ಬಾಯಿಯ ಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಅಮ್ಮನವರ ಮಾತು ತೊದಲತೊಡಗಿದಾಗ ಗಾಬರಿಯಾಗಿ ಒಂದು ಹುಣಸೆಮರದ ನೆರಳಿಗೆ ಕಾರು ಹಾಕಿ, ಬಟ್ಟೆ ಒದ್ದೆ ಮಾಡಿ ಕುತ್ತಿಗೆಗೂ ಕಂಕುಳಿಗೂ ಇಟ್ಟು, ಗುಟುಕು ಗುಟುಕಾಗಿ ನೀರು ಕುಡಿಸಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಅವರು ಸಂಜೆಗೆ ಚೇತರಿಸಿಕೊಂಡರು. ಸೀರೆಯ ಕೆಲಸ ಅಂದು ಆಗಲಿಲ್ಲ.

ಆ ಕಾರಿನಲ್ಲಿ ಗ್ಯಾಸ್ ಕಡಿಮೆ ಇರಲಿಲ್ಲ, ಹೆಚ್ಚಾಗಿತ್ತು. ಮೂಲ ದೋಷ ಗ್ಯಾಸಿನಲ್ಲಿ ಇರಲೇ ಇಲ್ಲ. ಇದು ಆಮೇಲೆ ತಿಳಿದದ್ದು. ಅದನ್ನು ಹೇಗೆ ಮೊದಲೇ ತಿಳಿಯಬಹುದಿತ್ತು ಎಂಬುದೇ ಈ ಪಾಠದ ವಿಷಯ. ನಾವು ಎಂಜಿನಿಯರರಲ್ಲ, ಆದರೆ ಇದರಲ್ಲಿ ಬಹುಭಾಗವನ್ನು ಕಣ್ಣು, ಕಿವಿ, ಅಂಗೈಗಳಿಂದಲೇ ಪರೀಕ್ಷಿಸಬಹುದು.

ಮೊದಲು ಯಂತ್ರದ ಮರ್ಮ. ಎ.ಸಿ. ತಂಪನ್ನು ‘ತಯಾರಿಸು’ವುದಿಲ್ಲ. ಕಾರಿನ ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ, ಅಷ್ಟೆ. ಹೊಳೆಯ ನೀರನ್ನು ಪಂಪ್‌ಸೆಟ್ ತೋಟದ ಮೇಲಿನ ತಟ್ಟಿಗೆ ಎತ್ತುವ ಹಾಗೆ. ಕೆಳಗಿನ ತಟ್ಟಿಗೆ ಧಾರಾಳವಾಗಿ ನೀರೆತ್ತುವ ಮೂರು ಹೆಚ್.ಪಿ. ಪಂಪು ಗುಡ್ಡದ ನೆತ್ತಿಗೆ ಬೆರಳು ಗಾತ್ರ ಹರಿಸಿ ಏದುಸಿರು ಬಿಡುತ್ತದೆ. ಪಂಪು ಕೆಟ್ಟಿಲ್ಲ, ಹೆಡ್ ಹೆಚ್ಚಾಗಿದೆ. ಎ.ಸಿ.ಗೆ ಹೊರಗಿನ ಉಷ್ಣಾಂಶವೇ ಹೆಡ್. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 30-32 ಡಿಗ್ರಿ ಇರುವಾಗ ಆ ಸೀಮೆಯಲ್ಲಿ 38-40 ಇರುತ್ತದೆ. ಡಾಂಬರಿನ ಮೇಲಿನ ಗಾಳಿ ಅದಕ್ಕೂ ಬಿಸಿ. ಫುಟ್‌ವಾಲ್ವಿನಲ್ಲಿ ಸ್ವಲ್ಪ ಎಲೆ ಸಿಕ್ಕಿಕೊಂಡ ಪಂಪು ಕೆಳಗಿನ ತಟ್ಟಿನಲ್ಲಿ ತನ್ನ ದೋಷ ಮುಚ್ಚಿಡುತ್ತದೆ. ನೆತ್ತಿಗೆ ಎತ್ತುವಾಗ ಅದು ಬಯಲಾಗುತ್ತದೆ. ಬಿಸಿಲು ಹೊಸ ದೋಷ ಹುಟ್ಟಿಸುವುದು ಅಪರೂಪ. ಮಲೆನಾಡಿನ ತಂಪಿನಲ್ಲಿ ಅಡಗಿದ್ದ ದೋಷ ಅಲ್ಲಿ ಹೊರಬೀಳುತ್ತದೆ.

ಈ ಎತ್ತುವ ಕೆಲಸ ಮಾಡುವುದು ಗ್ಯಾಸ್. ಹಿಂದೆ ಕಾರುಗಳಲ್ಲಿ ಆರ್-12 ಎಂಬುದಿತ್ತು. ಆಕಾಶದ ಓಝೋನ್ ಪದರಕ್ಕೆ ಹಾನಿಯೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಅದು ಕ್ರಮೇಣ ಹೋಗಿ, ಈಗಿನ ಬಹುಪಾಲು ಕಾರುಗಳಲ್ಲಿ ಆರ್-134ಎ ಇದೆ. ತೆರೆದಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣಾಂಶ ಏರುತ್ತದೆಯಷ್ಟೆ, ಗ್ಯಾಸಿನದೂ ಅದೇ ನಿಯಮ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ದ್ರವವು ತಣ್ಣಗೆ ಕುದಿಯುತ್ತ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ, ಕಾರಿನ ಮೂತಿಯಲ್ಲಿರುವ ಜಾಲರಿಗೆ, ಎಂದರೆ ಕಂಡೆನ್ಸರಿಗೆ ತಳ್ಳುತ್ತದೆ. ಅಡಿಕೆ ಬೇಯಿಸುವ ಹಂಡೆಯ ಹಬೆ ಕೈಗೆ ತಗುಲಿ ನೀರಾಗುವಾಗ ಹೇಗೆ ಸುಡುತ್ತದೆಂದು ಎಲ್ಲರಿಗೂ ಗೊತ್ತು. ಆವಿ ದ್ರವವಾಗುವಾಗ ಹೊತ್ತ ಶಾಖವನ್ನೆಲ್ಲ ಬಿಡುತ್ತದೆ. ಕಂಡೆನ್ಸರಿನಲ್ಲಿ ಆ ಶಾಖವನ್ನು ಹೊತ್ತೊಯ್ಯಬೇಕಾದದ್ದು ಗಾಳಿ. ಆ ಗಾಳಿ ಸರಿಯಾಗಿ ಹಾಯದಿದ್ದರೆ ಉಳಿದ ಭಾಗಗಳು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಈ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಕೊಳವೆಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದನ್ನು ಬಿಟ್ಟರೆ, ಕಡಿಮೆಯಾಗಿದೆ ಎಂದರೆ ಸೋರುತ್ತಿದೆ ಎಂದೇ ಅರ್ಥ. ‘ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸಬೇಕು’ ಎಂಬ ಮಾತು ಎಲ್ಲಿಂದ ಹುಟ್ಟಿತೋ ಕಾಣೆವು. ಪ್ರತಿ ವರ್ಷ ಹಾಕಿಸಬೇಕಾಗಿ ಬಂದರೆ ಪ್ರತಿ ವರ್ಷ ಸೋರುವ ಜಾಗವನ್ನು ಹಾಗೆಯೇ ಬಿಟ್ಟಿದ್ದೇವೆ ಎಂದಾಯಿತು.

ಯಾವಾಗ ಸೋಲುತ್ತದೆ ಎಂಬುದನ್ನು ಗಮನಿಸಿ

ದೋಷ ಹುಡುಕುವವನ ಮೊದಲ ಪ್ರಶ್ನೆ ‘ಏನಾಗಿದೆ’ ಎಂಬುದಲ್ಲ, ‘ಯಾವಾಗ ಆಗುತ್ತದೆ’ ಎಂಬುದು. ಕಾರು ಓಡುವಾಗ ತಂಪಾಗಿದ್ದು, ನಿಂತಾಗ ಅಥವಾ ತೆವಳುವಾಗ ಬಿಸಿಯಾದರೆ ಸಂಶಯ ಕಂಡೆನ್ಸರಿನ ಗಾಳಿಯ ಮೇಲೆ ಹೋಗತಕ್ಕದ್ದು. ಓಟದಲ್ಲಿ ಎದುರುಗಾಳಿಯೇ ಜಾಲರಿಯನ್ನು ತಣಿಸುತ್ತದೆ. ನಿಂತಾಗ ಫ್ಯಾನು ಒಂದೇ ಗತಿ. ಮಾರ್ಚಿ ತಿಂಗಳಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಹೋದವರಿಗೆ ಅಲ್ಲಿ ಮೈಲಿಗಟ್ಟಲೆ ನಿಲ್ಲುವ ವಾಹನಗಳ ಸಾಲು ಗೊತ್ತು. ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳಲ್ಲಿ ಎಷ್ಟರದೋ ಕಾಯಿಲೆ ಇದೇ ಇದ್ದೀತು.

ಫ್ಯಾನು ನೋಡುವುದು ಸುಲಭ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ ಬಾನೆಟ್ ಎತ್ತಿ. ಕಂಪ್ರೆಸರಿನ ಕ್ಲಚ್ಚು ‘ಟಕ್’ ಎಂದು ಕಚ್ಚಿದ ಸ್ವಲ್ಪ ಹೊತ್ತಿನೊಳಗೆ ವಿದ್ಯುತ್ ಫ್ಯಾನು ತಿರುಗಬೇಕು. ತಿರುಗಿದರೆ ಸಾಲದು, ಜೋರಾಗಿ ತಿರುಗಬೇಕು. ಅನೇಕ ಕಾರುಗಳಲ್ಲಿ ಫ್ಯಾನಿಗೆ ಎರಡು ವೇಗ. ನಿಧಾನದ ವೇಗ ಉಳಿದು, ಜೋರಿನ ವೇಗ ಕೊಡುವ ರಿಲೇ ಅಥವಾ ರೆಸಿಸ್ಟರ್ ಸುಟ್ಟಿದ್ದರೆ ನಮ್ಮೂರಿನಲ್ಲಿ ಗೊತ್ತೇ ಆಗುವುದಿಲ್ಲ. ಜೀಪು ಜಾತಿಯ ಕೆಲವು ವಾಹನಗಳಲ್ಲಿ ಫ್ಯಾನನ್ನು ಎಂಜಿನ್ನಿನ ಬೆಲ್ಟೇ ತಿರುಗಿಸುತ್ತದೆ. ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕಪ್ಲಿಂಗ್ ಇರುತ್ತದೆ. ಆ ಎಣ್ಣೆ ಸೋರಿದರೆ ಫ್ಯಾನು ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತದೆ. ಎಂಜಿನ್ ಆರಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಕೈಯಿಂದ ತಿರುಗಿಸಿ ನೋಡಿ. ಎದುರು ಹಿಡಿದಂತೆ ತಿರುಗಬೇಕು, ಬುಗುರಿಯಂತೆ ಸುತ್ತಿದರೆ ಕಪ್ಲಿಂಗ್ ಹೋಗಿದೆ.

ಇನ್ನು ಜಾಲರಿ. ನಮ್ಮ ವಾಹನಗಳ ಜಾಲರಿಗೆ ಎರಡೂ ಸೀಮೆಯ ಕಸ ಸೇರುತ್ತದೆ. ಇಲ್ಲಿ ಕಾಫಿ ಸಿಪ್ಪೆಯ ಹುಡಿ, ಅಡಿಕೆ ಸಿಪ್ಪೆಯ ನಾರು, ರಾತ್ರಿ ಓಟದ ಹುಳುಹುಪ್ಪಟೆ. ಅಲ್ಲಿ ಶೇಂಗಾ ಹೊಟ್ಟು, ಕೆಂಪು ಧೂಳು. ಸುಗ್ಗಿಯ ಕಾಲದಲ್ಲಿ ರಸ್ತೆಗೇ ರಾಗಿ, ಹುರುಳಿ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ಪದ್ಧತಿ ಬಯಲುಸೀಮೆಯಲ್ಲಿ ಇನ್ನೂ ಹೋಗಿಲ್ಲ. ಅದರ ಹುಲ್ಲು ಗಾಡಿಯ ಕೆಳಗೆಲ್ಲ ಸಿಕ್ಕಿಕೊಳ್ಳುತ್ತದೆ. ಸೈಲೆನ್ಸರಿಗೆ ತಗುಲಿದರೆ ಬೆಂಕಿಯ ಭಯವೂ ಇದೆ. ಜಾಲರಿಯನ್ನು ಎದುರಿನಿಂದ ನೋಡಿ ಶುಭ್ರವಾಗಿದೆ ಎಂದು ತೃಪ್ತಿಪಡಬಾರದು. ಕಂಡೆನ್ಸರಿನ ಹಿಂದೆ ಎರಡು ಬೆರಳು ಸಂದಿನಲ್ಲಿ ರೇಡಿಯೇಟರ್ ಇರುತ್ತದೆ. ಕಸ ಗಟ್ಟಿಯಾಗಿ ಕೂರುವುದು ಈ ಎರಡರ ನಡುವೆ, ಕಣ್ಣಿಗೆ ಬೀಳದ ಜಾಗದಲ್ಲಿ. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿದರೆ ಬೆಳಕು ಎಲ್ಲಿ ಹಾಯುತ್ತದೆ, ಎಲ್ಲಿ ಇಲ್ಲ ಎಂಬುದು ತಿಳಿಯುತ್ತದೆ. ಮೂತಿಗೆ ಸೊಳ್ಳೆಪರದೆಯ ಬಲೆ ಕಟ್ಟುವವರು, ಹೆಚ್ಚುವರಿ ದೀಪ, ಫಲಕ ಜೋಡಿಸುವವರು, ಆಯುಧಪೂಜೆಯ ಹಾರವನ್ನು ಒಣಗುವವರೆಗೂ ಬಿಡುವ ಭಕ್ತರು, ಎಲ್ಲರೂ ಗಾಳಿಗೇ ಅಡ್ಡ ಬರುತ್ತಾರೆ. ಹಾರವನ್ನು ಮಾರನೆಯ ದಿನ ತೆಗೆದರೆ ದೇವರೇನೂ ಮುನಿಯಲಾರನು.

ದಾರಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಇದಕ್ಕೆ ಒಂದು ಬಿಂದಿಗೆ ನೀರು ಸಾಕು. ಎಂಜಿನ್ ಓಡುತ್ತಿರಲಿ, ಎ.ಸಿ. ಪೂರ್ತಿ ಹಾಕಿರಲಿ. ಒಳಗೊಬ್ಬರು ಗಾಳಿಯ ಬಾಯಿಗೆ ಕೈ ಹಿಡಿದು ಕುಳಿತಿರಲಿ. ಕಾರಿನ ಮುಂದೆ ನಿಂತು ಗ್ರಿಲ್ಲಿನ ಮೂಲಕ ಜಾಲರಿಗೆ ನೀರನ್ನು ಸಣ್ಣಗೆ ಚಿಮುಕಿಸಿ. ಫ್ಯಾನಿನ ಕಡೆ ಕೈ ಹಾಕಕೂಡದು, ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಕೂಡದು. ಒಂದೆರಡು ನಿಮಿಷದಲ್ಲಿ ಒಳಗಿನ ಗಾಳಿ ತಣ್ಣಗಾದರೆ ಗ್ಯಾಸಿನ ಮೇಲೂ ಕಂಪ್ರೆಸರಿನ ಮೇಲೂ ಸಂಶಯ ಪಡಬೇಕಾಗಿಲ್ಲ. ಜಾಲರಿ ತನ್ನ ಶಾಖ ಬಿಡಲಾರದೆ ಒದ್ದಾಡುತ್ತಿದೆ, ಅಷ್ಟೆ. ಒಣಗಾಳಿಯಲ್ಲಿ ನೀರು ಬೇಗ ಆರುವುದರಿಂದ ಈ ಪರೀಕ್ಷೆ ಚಳ್ಳಕೆರೆಯಲ್ಲಿ ನಮ್ಮಲ್ಲಿಗಿಂತ ಸ್ಪಷ್ಟವಾಗಿ ಫಲ ತೋರಿಸುತ್ತದೆ. ಅಲ್ಲಿನ ಮಡಕೆಯ ನೀರು ಅಷ್ಟು ತಣ್ಣಗಿರುವುದೂ ಇದೇ ಕಾರಣಕ್ಕೆ. ಆ ದಿನ ಹುಣಸೆಮರದ ಕೆಳಗೆ ನಮ್ಮ ಬಳಿ ಎರಡು ಕ್ಯಾನು ನೀರಿತ್ತು. ಈ ಉಪಾಯ ತಿಳಿದಿರಲಿಲ್ಲ.

ತೊಳೆಯುವ ಬಗ್ಗೆ ಒಂದು ಮಾತು. ನೀರನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಬಿಡಬೇಕು. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಕೂರುತ್ತದೆ. ಸರ್ವೀಸ್ ಸ್ಟೇಷನ್ನಿನ ಜೋರಾದ ಪಿಚಕಾರಿ ಹತ್ತಿರದಿಂದ ಬಡಿದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ದಾರಿ ಇನ್ನಷ್ಟು ಮುಚ್ಚುತ್ತದೆ. ತೋಟದಲ್ಲಿ ಸಿಂಪಡಣೆ ಪಂಪು ಇದೆಯಲ್ಲ, ಅದರಿಂದಲೇ ತೊಳೆದರಾಯಿತು ಎಂದು ಕೆಲವರು ಯೋಚಿಸಬಹುದು. ದಯವಿಟ್ಟು ಬೇಡ. ಅದು ಕೊಳೆರೋಗಕ್ಕೆ ಬೋರ್ಡೋ ಹೊಡೆದ ಪಂಪು. ತಳದಲ್ಲಿ ಉಳಿದ ಮೈಲುತುತ್ತದ ತಾಮ್ರವು ಅಲ್ಯೂಮಿನಿಯಮ್ಮಿನ ಮೇಲೆ ಕುಳಿತು ಅದನ್ನು ತಿನ್ನುತ್ತದೆ. ಮೈಲುತುತ್ತವನ್ನು ಲೋಹದ ಪಾತ್ರೆಯಲ್ಲಿ ಕರಗಿಸಬೇಡಿ ಎಂದು ನಾವು ಪ್ರತಿ ಮಳೆಗಾಲಕ್ಕೆ ಮುಂಚೆ ಹೇಳುವುದೂ ಇಂಥದೇ ಕಾರಣಕ್ಕೆ.

ಹನಿ ಬೀಳದಿರುವುದು ದೋಷವೇ?

ಬಯಲುಸೀಮೆಗೆ ಹೋದ ನಮ್ಮವರು ಕಾರಿನ ಕೆಳಗೆ ಬಗ್ಗಿ ನೋಡಿ, ‘ನೀರೇ ಬೀಳುತ್ತಿಲ್ಲ, ಎ.ಸಿ. ಸತ್ತಿದೆ’ ಎಂದು ಹೇಳುವುದನ್ನು ಕೇಳಿದ್ದೇವೆ. ಆ ನೀರು ಯಂತ್ರದ್ದಲ್ಲ, ಗಾಳಿಯದು. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಮೂಡುವ ಬೆವರಿನಂತೆ, ಕೂಲಿಂಗ್ ಕಾಯಿಲ್‌ನ ಮೇಲೆ ಗಾಳಿಯ ತೇವ ಹನಿಗಟ್ಟಿ ಕೆಳಗೆ ಇಳಿಯುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವ ಹೇರಳ, ಆದ್ದರಿಂದ ಧಾರೆಯೇ ಸುರಿಯುತ್ತದೆ. ಚಳ್ಳಕೆರೆಯ ಏಪ್ರಿಲ್ ಗಾಳಿಯಲ್ಲಿ ಹಿಂಡಿದರೂ ತೇವ ಕಡಿಮೆ, ಹನಿ ಕಾಣದಿದ್ದರೆ ಆಶ್ಚರ್ಯವಿಲ್ಲ. ಬಾನೆಟ್ಟಿನ ಕೆಳಗೆ ಕಂಪ್ರೆಸರಿಗೆ ಮರಳುವ ದಪ್ಪ ಕೊಳವೆ ಇಲ್ಲಿ ಬೆವರುತ್ತದೆ, ಅಲ್ಲಿ ಒಣಗಿಯೇ ಇರಬಹುದು. ಮುಟ್ಟಿ ನೋಡಿದಾಗ ತಣ್ಣಗಿದ್ದರೆ ಸಾಕು. ಮುಟ್ಟುವಾಗ ಜಾಗ್ರತೆ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಇನ್ನೊಂದು ಕೊಳವೆ ಚರ್ಮ ಸುಡುವಷ್ಟು ಕಾದಿರುತ್ತದೆ.

ಇದಕ್ಕೆ ವಿರುದ್ಧವಾದ ದೋಷಗಳು ನಮ್ಮ ಸೀಮೆಗೆ ಸೇರಿದವು. ಮಳೆಗಾಲದಲ್ಲಿ ಹೊರಗೆ ಹನಿ ಬೀಳದೆ ಎಡ ಸೀಟಿನ ಕಾಲ್ಚಾಪೆ ಒದ್ದೆಯಾದರೆ ನೀರಿಳಿಯುವ ಸಣ್ಣ ಕೊಳವೆ ಕಟ್ಟಿದೆ. ಒಂದು ಗಂಟೆ ಚೆನ್ನಾಗಿ ತಂಪು ಕೊಟ್ಟು ಬಳಿಕ ಗಾಳಿಯ ರಭಸವೇ ಕುಗ್ಗಿ, ಎ.ಸಿ. ಆರಿಸಿ ಕಾಲು ಗಂಟೆ ಬಿಟ್ಟರೆ ಮತ್ತೆ ಸರಿಹೋದರೆ, ಕಾಯಿಲ್‌ನ ಮೇಲೆ ಹಿಮ ಕಟ್ಟುತ್ತಿದೆ. ಅದನ್ನು ತಡೆಯುವ ಸಂವೇದಕ ಕೆಟ್ಟಿದೆ ಎಂದು ತಿಳಿಯಬೇಕು.

ಗಾಳಿಯ ರಭಸ ಯಾವಾಗಲೂ ಕಡಿಮೆ ಇದ್ದರೆ ಮೊದಲು ಗ್ಲೋವ್ ಬಾಕ್ಸಿನ ಹಿಂದಿರುವ ಸೋಸುಹಾಳೆಯನ್ನು ತೆಗೆದು ನೋಡಿ. ಅಡಿಕೆ ಸುಲಿಯುವ ಕಣದ ಪಕ್ಕ ಕಾರು ನಿಲ್ಲಿಸುವವರು ಅದನ್ನು ಕಂಡು ಬೆಚ್ಚಿಬೀಳುತ್ತಾರೆ. ಗೋದಾಮಿನಲ್ಲಿ ವಾರಗಟ್ಟಲೆ ನಿಂತ ಕಾರಿನ ಬ್ಲೋವರಿನಲ್ಲಿ ಇಲಿ ಗೂಡು ಕಟ್ಟುವುದೂ ಹೊಸದಲ್ಲ. ಕಂಪ್ರೆಸರ್ ‘ಟಕ್’ ಎನ್ನದೆ ಸುಮ್ಮನಿದ್ದರೆ, ಫ್ಯೂಸಿನ ಜೊತೆಗೆ ಇಲಿ ಕಡಿದ ತಂತಿಯನ್ನೂ ಹುಡುಕಬೇಕು.

ಗೇಜಿನ ಲೆಕ್ಕ

ಕೊನೆಗೂ ಮೆಕ್ಯಾನಿಕ್ ಗೇಜ್ ಹಚ್ಚುತ್ತಾನೆ. ಅದರ ಮುಳ್ಳು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ವಾಹನದ ಯಜಮಾನನೂ ಅರಿತಿರಬೇಕು. ಎಂಜಿನ್ ಆರಿಸಿ ಕಾರು ತಣಿದಿರುವಾಗ ಎರಡೂ ಮುಳ್ಳುಗಳು ಒಂದೇ ಅಂಕೆ ತೋರಿಸುತ್ತವೆ. 25 ಡಿಗ್ರಿಯ ಮುಂಜಾನೆ ಚದರ ಅಂಗುಲಕ್ಕೆ ಸುಮಾರು 80 ಪೌಂಡ್, 40 ಡಿಗ್ರಿಯ ಮಧ್ಯಾಹ್ನ ಸುಮಾರು 130. ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಈ ಒತ್ತಡ ಬರುವುದು ಉಷ್ಣಾಂಶದಿಂದ, ಪ್ರಮಾಣದಿಂದಲ್ಲ. ಅರ್ಧ ತುಂಬಿದ ಸಿಲಿಂಡರಿಗೂ ಪೂರ್ತಿ ತುಂಬಿದ್ದಕ್ಕೂ ಒತ್ತಡ ಒಂದೇ. ನಿಂತ ಗೇಜ್ ನೋಡಿ ‘ಕಡಿಮೆಯಿದೆ’ ಎನ್ನುವವನೂ ‘ಸರಿಯಿದೆ’ ಎನ್ನುವವನೂ ಊಹೆಯನ್ನೇ ಹೇಳುತ್ತಿದ್ದಾನೆ.

ಓಡುವಾಗಿನ ಅಂಕೆಗಳೂ ಹವೆಗೆ ತಕ್ಕಂತೆ ಏರಿಳಿಯುತ್ತವೆ. 40 ಡಿಗ್ರಿ ಬಿಸಿಯಲ್ಲಿ ಎತ್ತರದ ಕಡೆ 230ರಿಂದ 260 ಪೌಂಡ್, ತಗ್ಗಿನ ಕಡೆ ನಲವತ್ತರ ಆಸುಪಾಸು ಇದ್ದರೆ ಗಾಬರಿ ಬೇಕಾಗಿಲ್ಲ. ಅದೇ ಎತ್ತರದ ಅಂಕೆ ನಮ್ಮ ಜುಲೈ ಹವೆಯಲ್ಲಿ ಕಂಡರೆ ಏನೋ ಕಟ್ಟಿದೆ ಎಂದರ್ಥ. ಎತ್ತರದ ಕಡೆ ಮಿತಿಮೀರಿ ಏರಿ ತಗ್ಗಿನ ಕಡೆಯೂ ಏರಿದ್ದರೆ ಕಂಡೆನ್ಸರಿನ ಗಾಳಿ, ಹೆಚ್ಚಾದ ಗ್ಯಾಸ್, ಒಳಗೆ ಸೇರಿದ ಗಾಳಿ, ಈ ಮೂರರಲ್ಲಿ ಒಂದು. ಎರಡೂ ಕಡಿಮೆ ಇದ್ದರೆ ಗ್ಯಾಸ್ ಸೋರಿದೆ. ತಗ್ಗಿನ ಕಡೆ ಹೆಚ್ಚು, ಎತ್ತರದ ಕಡೆ ಕಡಿಮೆ ಇದ್ದು ಎರಡೂ ಹತ್ತಿರ ಹತ್ತಿರ ಬಂದರೆ ಕಂಪ್ರೆಸರಿಗೆ ಒತ್ತುವ ಶಕ್ತಿ ಉಳಿದಿಲ್ಲ. ಬೆಲ್ಟು ಜಾರುತ್ತಿಲ್ಲವೇ ಎಂದು ನೋಡಿದ ಮೇಲೆಯೇ ಈ ತೀರ್ಮಾನಕ್ಕೆ ಬರತಕ್ಕದ್ದು, ಏಕೆಂದರೆ ಕಂಪ್ರೆಸರ್ ದುಬಾರಿ ವಸ್ತು.

ಈಗ ಆ ಏಪ್ರಿಲಿನ ಕಾರಿನ ವಿಷಯಕ್ಕೆ ಬರೋಣ. ಚಿತ್ರದುರ್ಗದಲ್ಲಿ ತಿಳಿವಳಿಕಸ್ಥ ಮೆಕ್ಯಾನಿಕ್ ಒಬ್ಬರು ಮಾರನೆಯ ದಿನ ನೋಡಿದಾಗ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಾಫಿ ಸಿಪ್ಪೆ ಹುಡಿಯೂ ಹುಲ್ಲೂ ಕಲಸಿ ಕಂಬಳಿಯಂತೆ ಕೂತಿತ್ತು. ಫ್ಯಾನಿನ ಜೋರಿನ ವೇಗ ಇರಲಿಲ್ಲ. ನಮ್ಮೂರಿನ ವರ್ಕ್‌ಶಾಪಿನವರು ತಂಪು ಹವೆಯ ದಿನ ತೂಕ ಮಾಡದೆ, ಗೇಜಿನ ಅಂಕೆ ಚೆಂದ ಕಾಣುವವರೆಗೆ ಗ್ಯಾಸ್ ತುಂಬಿದ್ದರು. ಚಳ್ಳಕೆರೆಯಲ್ಲಿ ಅದರ ಮೇಲೆ ಮತ್ತಷ್ಟು. ದ್ರವ ಕಂಡೆನ್ಸರಿನಲ್ಲಿ ತುಂಬಿಕೊಂಡರೆ ಆವಿ ತಣಿಯಲು ಜಾಗವೇ ಉಳಿಯುವುದಿಲ್ಲ. ಒತ್ತಡ ಏರುತ್ತ ಹೋಗಿ, ಸುಮಾರು 400 ಪೌಂಡ್ ಮೀರಿದಾಗ ಕೊಳವೆ ಒಡೆಯದಂತೆ ಕಾಯುವ ಸ್ವಿಚ್ಚು ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಈ ಮಿತಿ ವಾಹನದಿಂದ ವಾಹನಕ್ಕೆ ಬೇರೆ. ತಳುಕಿನ ಹತ್ತಿರ ಆದದ್ದು ಅದೇ. ಯಂತ್ರ ತನ್ನನ್ನು ಕಾಪಾಡಿಕೊಂಡಿತ್ತು. ಎರಡು ಸಾರಿ ತೆತ್ತ ಹಣ ದೋಷವನ್ನು ಹೆಚ್ಚಿಸಿತ್ತು.

ಅವರು ಗ್ಯಾಸನ್ನೆಲ್ಲ ಯಂತ್ರದಿಂದ ಹೊರಗೆಳೆದು, ಜಾಲರಿ ಬಿಚ್ಚಿ ತೊಳೆದು, ಫ್ಯಾನಿನ ರಿಲೇ ಬದಲಿಸಿ, ಕೊಳವೆಗಳನ್ನು ನಿರ್ವಾತ ಮಾಡಿ, ಬಾನೆಟ್ಟಿನ ಒಳಮೈಯ ಚೀಟಿಯಲ್ಲಿದ್ದ ಗ್ರಾಂ ಲೆಕ್ಕಕ್ಕೆ ಸರಿಯಾಗಿ ತೂಗಿ ತುಂಬಿದರು. ಸಣ್ಣ ಕಾರಿಗೆ ಬೇಕಾಗುವುದು ಅರ್ಧ ಕಿಲೋ ಆಸುಪಾಸು ಮಾತ್ರ. ನೂರು ಗ್ರಾಂ ಹೆಚ್ಚು ಕಡಿಮೆಯಾದರೂ ಬಿಸಿಲಲ್ಲಿ ಅದರ ಪರಿಣಾಮ ಕಾಣುತ್ತದೆ. ಕಾಫಿಯನ್ನು ಕಣ್ಣಂದಾಜಿನಲ್ಲಿ ತೂಗಿದರೆ ನಾವು ಸುಮ್ಮನಿರುತ್ತೇವೆಯೇ?

ನಿರ್ವಾತದ ವಿಷಯದಲ್ಲಿ ನಮ್ಮ ಸೀಮೆಯವರು ಇನ್ನೂ ಹಟ ಹಿಡಿಯಬೇಕು. ಕೊಳವೆ ತೆರೆದ ಕ್ಷಣದಿಂದ ಮಲೆನಾಡಿನ ತೇವಗಾಳಿ ಒಳಗೆ ಹೋಗುತ್ತದೆ. ಕಂಪ್ರೆಸರಿನ ಎಣ್ಣೆ ಆ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಮುಂದೆ ಅದು ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಹಿಮವಾಗಿ ಕಟ್ಟುತ್ತದೆ, ಆಮ್ಲವಾಗಿ ಒಳಲೋಹವನ್ನೂ ತಿನ್ನುತ್ತದೆ. ನಿರ್ವಾತ ಪಂಪು ಅರ್ಧ ಗಂಟೆಯಾದರೂ, ಮಳೆಗಾಲದಲ್ಲಿ ಒಂದು ಗಂಟೆಯಾದರೂ ಓಡಲಿ. ಪಂಪು ನಿಲ್ಲಿಸಿದ ಮೇಲೆ ಮುಳ್ಳು ಕಾಲು ಗಂಟೆ ಅಲ್ಲಾಡದೆ ನಿಂತರೆ ಸೋರಿಕೆ ಇಲ್ಲವೆಂದು ಒಂದು ಮಟ್ಟಿಗೆ ನಂಬಬಹುದು.

ಸೋರುವ ಜಾಗ ಹುಡುಕುವುದರಲ್ಲಿ ಚಳ್ಳಕೆರೆಯ ಧೂಳು ಉಪಕಾರಿ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಹೊರಬರುತ್ತದೆ. ಅದಕ್ಕೆ ಧೂಳು ಅಂಟಿ ಕಪ್ಪು ಮೆತ್ತೆಯಾಗುತ್ತದೆ. ಆ ಕಡೆ ಹೋಗಿ ಬಂದ ವಾಹನದ ಕೊಳವೆಗಳ ಸಂದುಗಳನ್ನು ತೊಳೆಯುವ ಮುಂಚೆ ಒಮ್ಮೆ ನೋಡಿ. ಒಂದೇ ಸಂದಿನಲ್ಲಿ ಎಣ್ಣೆಧೂಳು ಗಂಟುಗಟ್ಟಿದ್ದರೆ ಅಲ್ಲಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿ.

ಕಡಿಮೆ ಹಣಕ್ಕೆ ಅಡುಗೆ ಅನಿಲದ ಜಾತಿಯ ಉರಿಯುವ ಗ್ಯಾಸನ್ನು ಕಾರಿಗೆ ತುಂಬುವವರಿದ್ದಾರೆ. ತಂಪಾಗುವುದು ನಿಜ. ಮನೆಯ ಫ್ರಿಜ್ಜಿನಲ್ಲೂ ಅಂಥ ಗ್ಯಾಸ್ ಇರುತ್ತದಲ್ಲ ಎಂದು ವಾದಿಸುತ್ತಾರೆ. ಫ್ರಿಜ್ಜಿನಲ್ಲಿ ಇರುವುದು ಕೆಲವೇ ತೊಲ, ಅದೂ ಅದಕ್ಕೆಂದೇ ಕಟ್ಟಿದ ಯಂತ್ರದಲ್ಲಿ. ಕಾರಿನಲ್ಲಿ ಕೂಲಿಂಗ್ ಕಾಯಿಲ್ ನಮ್ಮ ಮೊಣಕಾಲ ಮುಂದೆಯೇ ಇದೆ, ಡಿಕ್ಕಿಯಾದರೆ ಮೊದಲು ಒಡೆಯುವುದು ಮೂತಿಯ ಜಾಲರಿ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ವಾಹನಕ್ಕೆ ಇದು ಖಂಡಿತ ಕೂಡದು.

ಎಲ್ಲವೂ ಸರಿಯಿದ್ದರೂ ಬಿಸಿಲಲ್ಲಿ ನಿಂತ ಕಾರು ಅರ್ಧ ಗಂಟೆಯಲ್ಲಿ ಹೊರಗಿಗಿಂತ 15-20 ಡಿಗ್ರಿ ಹೆಚ್ಚು ಕಾಯುತ್ತದೆ. ಮಗುವನ್ನಾಗಲಿ ಮುದುಕರನ್ನಾಗಲಿ ‘ಎರಡೇ ನಿಮಿಷ’ ಎಂದು ಅದರೊಳಗೆ ಬಿಟ್ಟುಹೋಗಬಾರದು. ಹೊರಡುವಾಗ ಮೊದಲು ಕಿಟಕಿಗಳನ್ನು ಇಳಿಸಿ ಎರಡು ಫರ್ಲಾಂಗ್ ಓಡಿಸಿ, ಒಳಗಿನ ಕುದಿಗಾಳಿಯನ್ನು ಹೊರಹಾಕಿ. ಬಳಿಕ ಕಿಟಕಿ ಏರಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಒತ್ತಿ. ಈ ಗುಂಡಿಯನ್ನು ನಮ್ಮವರು ಮರೆಯುವುದೇ ಹೆಚ್ಚು. ಊರಿನ ತಂಪಿನಲ್ಲಿ ಹೊರಗಾಳಿ ಹಿತವೆಂದು ತೆರೆದಿಟ್ಟದ್ದು ಚಳ್ಳಕೆರೆಯಲ್ಲೂ ಹಾಗೆಯೇ ಉಳಿದು, ಯಂತ್ರ ಪ್ರತಿ ಕ್ಷಣ 40 ಡಿಗ್ರಿಯ ಹೊಸ ಗಾಳಿಯನ್ನು ತಣಿಸಬೇಕಾಗುತ್ತದೆ. ಒಳಗಾಳಿ ಸುತ್ತುತ್ತಿದ್ದು, ಹೆದ್ದಾರಿಯ ಓಟದಲ್ಲಿ ಬಾಯಿಗೆ ಬರುವ ಗಾಳಿ ಹೊರಗಿಗಿಂತ 20 ಡಿಗ್ರಿಯಷ್ಟು ತಣ್ಣಗಿದ್ದರೆ ಯಂತ್ರದ ಮೇಲೆ ದೂರು ಹೇಳುವಂತಿಲ್ಲ. ದೂರದ ಓಟದಲ್ಲಿ ಗಂಟೆಗೊಮ್ಮೆ ಸ್ವಲ್ಪ ಹೊತ್ತು ಹೊರಗಾಳಿ ಬಿಡಿ, ಇಲ್ಲದಿದ್ದರೆ ಚಾಲಕನಿಗೆ ತೂಕಡಿಕೆ ಬರುತ್ತದೆ. ಎಂಜಿನ್ನಿನ ಶಾಖದ ಮುಳ್ಳು ಏರತೊಡಗಿದರೆ ಎ.ಸಿ.ಯನ್ನು ಮೊದಲು ಆರಿಸಬೇಕು.

ನಾವು ಇಷ್ಟೆಲ್ಲ ಗೊಣಗುವಾಗ ಹಳೆಯದೊಂದು ನೆನಪಿಗೆ ಬರುತ್ತದೆ. ಕಾರ್ಖಾನೆಯಲ್ಲೇ ಎ.ಸಿ. ಜೋಡಿಸಿ ಮೊದಲು ಮಾರಿದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾದರಿಯಲ್ಲಿ. ಆ ಯಂತ್ರಕ್ಕೆ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ ಆರಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟು ಬಿಚ್ಚಬೇಕಾಗಿತ್ತಂತೆ.

ಸಂಘದ ಪಿಕಪ್ಪಿಗೆ ಈಗ ಒಂದು ಪದ್ಧತಿ ಮಾಡಿದ್ದೇವೆ. ಫೆಬ್ರವರಿ ಕೊನೆಯಲ್ಲಿ ಜಾಲರಿಯ ಸಂದು ತೊಳೆಯುವುದು, ಫ್ಯಾನಿನ ಎರಡೂ ವೇಗ ನೋಡುವುದು, ಸೋಸುಹಾಳೆ ಬದಲಿಸುವುದು. ಗ್ಯಾಸ್ ಮುಟ್ಟುವುದಿಲ್ಲ. ಮುಟ್ಟಲೇಬೇಕಾದರೆ ಹೊರತೆಗೆದದ್ದು ಎಷ್ಟು ಗ್ರಾಂ, ತುಂಬಿದ್ದು ಎಷ್ಟು ಗ್ರಾಂ, ಯಾವ ದಿನ ಎಂಬುದನ್ನು ಮೆಕ್ಯಾನಿಕ್ಕಿನ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ ಬಾನೆಟ್ಟಿನ ಒಳಮೈಗೆ ಅಂಟಿಸುತ್ತೇವೆ. ಆ ಚೀಟಿಯ ಮಾದರಿ ಸಂಘದ ಕಛೇರಿಯಲ್ಲಿದೆ. ಬೇಕಾದ ಸದಸ್ಯರು ಒಯ್ಯಬಹುದು. ಚಳ್ಳಕೆರೆಗೆ ಹೊರಡುವವರು ಜೊತೆಯಲ್ಲಿ ಹತ್ತು ಲೀಟರಿನ ಕ್ಯಾನೊಂದರಲ್ಲಿ ನೀರನ್ನೂ ಇಟ್ಟುಕೊಳ್ಳಲಿ.